ಸರ್‌ನೇಮ್ ಇಲ್ಲದವರ ಸಪ್ತಾಹ

ಅಂತಾರಾಷ್ಟ್ರೀಯ ಶಿಕ್ಷಣ ಸಪ್ತಾಹದ ಸುತ್ತೋಲೆ ಬಂದಿದ್ದು ಅಕ್ಟೋಬರ್ ಕೊನೆಗೆ. ಒಂದೂವರೆ ಪುಟ. ಕೊನೆ ಸಾಲು ಎಲ್ಲ ಸುತ್ತೋಲೆಗಳ ಹಾಗೇ: ‘ಸಪ್ತಾಹವನ್ನು ಅರ್ಥಪೂರ್ಣವಾಗಿ ಆಚರಿಸಿ, ಫೋಟೋ ಸಹಿತ ವರದಿಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು.’ ಅದರ ಮೇಲೆ ಸಾಹೇಬರು ಹಸಿರು ಇಂಕಿನಲ್ಲಿ ನನ್ನ ಹೆಸರು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಒಂದು ಗೆರೆ ಅಂದರೆ ‘ನೋಡಿ’. ಎರಡು ಗೆರೆ ಅಂದರೆ ‘ನೀವೇ ಮಾಡಿ’.

ನಾನು ಮಲೆನಾಡಿನ ಒಂದು ವಿಶ್ವವಿದ್ಯಾಲಯದಲ್ಲಿ ಪ್ರಥಮ ದರ್ಜೆ ಸಹಾಯಕಿ. ಶಿವಮೊಗ್ಗದಿಂದ ದಿನಾ ಬಸ್ಸಲ್ಲಿ ಬಂದು ಹೋಗುತ್ತೇನೆ. ವಿದೇಶಿ ವಿದ್ಯಾರ್ಥಿಗಳ ಫೈಲು ನನ್ನ ಮೇಜಿಗೆ ಬಂದು ನಾಲ್ಕು ವರ್ಷವಾಯಿತು. 2021ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಎಲ್ಲ ವಿಶ್ವವಿದ್ಯಾಲಯಗಳಿಗೂ ಅಂತಾರಾಷ್ಟ್ರೀಯ ವ್ಯವಹಾರಗಳಿಗೆ ಅಂತಲೇ ಒಂದು ಕಚೇರಿ ತೆರೆಯಿರಿ ಎಂದು ಹೇಳಿತ್ತು. ನಮ್ಮಲ್ಲಿ ಆ ಕಚೇರಿ ಅಂದರೆ ನಾನು, ಒಂದು ಕಂಪ್ಯೂಟರ್, ಮತ್ತು ಮಳೆಗಾಲದಲ್ಲಿ ಒಳಗೆಲ್ಲ ಬೂಷ್ಟು ಹಿಡಿಯುವ ಒಂದು ಬೀರು.

ವಿದೇಶಿ ವಿದ್ಯಾರ್ಥಿಗಳು ಒಟ್ಟು ಆರು ಜನ. ಇಥಿಯೋಪಿಯಾದ ಒಬ್ಬ ಪಿಎಚ್‌ಡಿ ಹುಡುಗ, ತಾಂಜಾನಿಯಾದ ಒಬ್ಬಳು, ಯೆಮನ್‌ನವನು ಒಬ್ಬ, ಶ್ರೀಲಂಕಾದ ಇಬ್ಬರು, ನೇಪಾಳದ ಒಬ್ಬ. ನೇಪಾಳದವನಿಗೆ ವೀಸಾನೇ ಬೇಡ, ಪೊಲೀಸ್ ನೋಂದಣಿಯೂ ಬೇಡ. ಹಾಗಾಗಿ ಅವನ ಫೈಲು ತೆಳ್ಳಗಿದೆ. ಉಳಿದ ಐದೂ ದಪ್ಪ.

ಈ ಸಪ್ತಾಹ ನಮ್ಮದಲ್ಲ. 2000ದಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ, ಶಿಕ್ಷಣ ಇಲಾಖೆ ಸೇರಿ ಶುರು ಮಾಡಿದ್ದು. ನವೆಂಬರ್ ತಿಂಗಳಲ್ಲಿ ಒಂದು ವಾರ ಮಾಡುತ್ತಾರೆ. ನಮಗೂ ನವೆಂಬರ್ ಹೊಂದುತ್ತದೆ ಅನ್ನಿ. ನವೆಂಬರ್ 11 ಮೌಲಾನಾ ಆಜಾದ್ ಹುಟ್ಟಿದ ದಿನ, 2008ರಿಂದ ಅದು ರಾಷ್ಟ್ರೀಯ ಶಿಕ್ಷಣ ದಿನ. ಹೊರದೇಶದ ಮಕ್ಕಳನ್ನು ಸ್ಕಾಲರ್‌ಶಿಪ್ ಕೊಟ್ಟು ಇಲ್ಲಿಗೆ ಕರೆಸುವ ಐಸಿಸಿಆರ್ ಅನ್ನು 1950ರಲ್ಲಿ ಕಟ್ಟಿದವರೂ ಅವರೇ. ಆದರೆ ಮಲೆನಾಡಿಗೆ ನವೆಂಬರ್ ಅಂದರೆ ಮೊದಲು ನೆನಪಾಗುವುದು ಅಡಿಕೆ. ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು, ಶುರುವಾದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮಕ್ಕಳು ಕ್ಲಾಸಿಗೇ ಬರುವುದಿಲ್ಲ. ಬಂದರೂ ಬೆರಳೆಲ್ಲ ಚೊಗರು ಹಿಡಿದು ಕಪ್ಪಾಗಿರುತ್ತವೆ. ಇದರ ಜೊತೆಗೆ ತಿಂಗಳಿಡೀ ರಾಜ್ಯೋತ್ಸವ. ಸಭಾಂಗಣ ಸಿಗುವುದೇ ಕಷ್ಟ.

ಸಮಿತಿ ಸಭೆ ಆಯಿತು. ಅರ್ಧ ಗಂಟೆಯಲ್ಲಿ ಮುಗಿಯಬೇಕಿತ್ತು. ಬ್ಯಾನರಿನ ಮೊದಲ ಪದದಲ್ಲೇ ಸಿಕ್ಕಿಬಿದ್ದೆವು. ‘ಅಂತರರಾಷ್ಟ್ರೀಯ’ ಅಂತ ನಾನು ಟೈಪ್ ಮಾಡಿಕೊಂಡು ಹೋಗಿದ್ದೆ. ಕನ್ನಡ ವಿಭಾಗದ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಚಹಾ ಹೇಳಬಹುದು ಅಂತ ಅರ್ಥ. ‘ಅಂತರ್ ಅನ್ನೋದರ ಮುಂದೆ ರಾಷ್ಟ್ರೀಯ ಬಂದರೆ ಎರಡು ರಕಾರ ಎದುರುಬದುರಾಗುತ್ತವೆ. ಮೊದಲನೇದು ಬಿದ್ದುಹೋಗಿ ಹಿಂದಿನ ಸ್ವರ ದೀರ್ಘವಾಗುತ್ತದೆ. ಆದ್ದರಿಂದ ಅಂತಾರಾಷ್ಟ್ರೀಯ’ ಎಂದರು. ಇತಿಹಾಸ ವಿಭಾಗದ ಮೇಡಂ, ‘ಅಂತರ ಅಂತಲೇ ಇಟ್ಟುಕೊಂಡರೆ ಅಂತರರಾಷ್ಟ್ರೀಯವೂ ಸರಿಯೇ ಅಲ್ವಾ ಸರ್, ಪೇಪರಿನಲ್ಲೆಲ್ಲ ಹಾಗೇ ಬರುತ್ತದೆ’ ಎಂದರು. ಪೇಪರಿನ ಹೆಸರು ಎತ್ತಿದ್ದು ತಪ್ಪಾಯಿತು. ಮುಕ್ಕಾಲು ಗಂಟೆ ಹೋಯಿತು. ಕೊನೆಗೆ ದೀರ್ಘವೇ ಗೆದ್ದಿತು.

ಬಾವುಟಗಳ ಕೆಲಸ ಶಿವಮೊಗ್ಗದ ಒಂದು ಪ್ರಿಂಟಿಂಗ್ ಅಂಗಡಿಗೆ ಕೊಟ್ಟೆವು. ಆರು ದೇಶ ಬೇಡ, ಐದೇ ದೇಶ, ಲಂಕಾದವರು ಇಬ್ಬರು ಎಂದು ಫೋನಿನಲ್ಲಿ ಎರಡು ಸಲ ಹೇಳಿದೆ. ಐದೇ ಬಂದವು. ಆದರೆ ನೇಪಾಳದ ಬಾವುಟ ಚೌಕಾಕಾರದಲ್ಲಿ ಬಂತು. ಆ ಬಾವುಟ ಬೇರೆಯವರ ಹಾಗಿಲ್ಲ. ಒಂದರ ಮೇಲೊಂದು ಎರಡು ತ್ರಿಕೋನ, ನಮ್ಮ ದೇವಸ್ಥಾನದ ಪತಾಕೆ ಇದ್ದ ಹಾಗೆ. ಅಂಗಡಿಯ ಹುಡುಗ ಉಳಿದವುಗಳ ಅಳತೆಗೆ ಸರಿಯಾಗಲಿ ಅಂತ ಅದನ್ನು ಎಳೆದು, ಖಾಲಿ ಉಳಿದ ಜಾಗಕ್ಕೆ ಬಿಳಿ ಬಣ್ಣ ತುಂಬಿದ್ದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಬೈಯಲು ಬಾಯಿ ಬರಲಿಲ್ಲ. ನೇಪಾಳದ ಹುಡುಗ ಬಂದು ನೋಡಿದ. ಏನೂ ಮಾತಾಡಲಿಲ್ಲ. ನನ್ನ ಡ್ರಾಯರಿನಿಂದ ಕತ್ತರಿ ತೆಗೆದುಕೊಂಡು, ನೆಲದ ಮೇಲೆ ಕೂತು, ಬಿಳಿಯನ್ನೆಲ್ಲ ಕತ್ತರಿಸಿ ತೆಗೆದ. ಸ್ವಲ್ಪ ಡೊಂಕಾಯಿತು. ‘ಈಗ ಸರಿ ಮೇಡಂ’ ಅಂದ.

ಸಪ್ತಾಹದಲ್ಲಿ ಏನೇನು ಮಾಡಬೇಕು ಅನ್ನುವುದಕ್ಕೆ ಹಳೇ ಪಟ್ಟಿಯೊಂದು ಇದೆ. ಉದ್ಘಾಟನೆ, ಉಪನ್ಯಾಸ, ರಸಪ್ರಶ್ನೆ, ಆಹಾರ ಮೇಳ, ಸಮಾರೋಪ. ನಾನು ಅದಕ್ಕೆ ಇನ್ನೊಂದು ಸೇರಿಸಿದೆ: ಒಂದು ಮೇಜು. ಮೇಜಿನ ಮೇಲೆ ಕಂಪ್ಯೂಟರ್, ಪಕ್ಕದಲ್ಲಿ ಸ್ಕ್ಯಾನರ್, ಎದುರಿಗೆ ಎರಡು ಕುರ್ಚಿ. ‘ಪಾಸ್‌ಪೋರ್ಟ್ ಅರ್ಜಿ ತುಂಬಿಕೊಡಲಾಗುವುದು’ ಅಂತ ಒಂದು ಹಾಳೆ. ಸಮಿತಿಯಲ್ಲಿ ಒಬ್ಬರು, ‘ಇದು ಸೈಬರ್ ಸೆಂಟರ್ ಕೆಲಸ ಅಲ್ವಾ ಮೇಡಂ’ ಅಂದರು. ಹೌದು ಅಂದೆ.

ಈ ಯೋಚನೆ ಬಂದಿದ್ದಕ್ಕೆ ಕಾರಣ ಇಥಿಯೋಪಿಯಾದ ಹುಡುಗನ ಫೈಲು.

ಹೊರದೇಶದಿಂದ ಬಂದ ವಿದ್ಯಾರ್ಥಿ ಹಾಸ್ಟೆಲ್ಲಿಗೆ ಕಾಲಿಟ್ಟ 24 ಗಂಟೆಯೊಳಗೆ ಒಂದು ಫಾರ್ಮನ್ನು ಆನ್‌ಲೈನಿನಲ್ಲಿ ತುಂಬಬೇಕು. ವೀಸಾ 180 ದಿನಕ್ಕಿಂತ ಜಾಸ್ತಿ ಇದ್ದರೆ 14 ದಿನದೊಳಗೆ ನೋಂದಣಿ ಮಾಡಿಸಬೇಕು. ಅವನದು ಎರಡೆರಡು ಸಲ ವಾಪಸ್ ಬಂತು. ‘ಹೆಸರು ತಾಳೆಯಾಗುತ್ತಿಲ್ಲ.’ ಅವನ ಪಾಸ್‌ಪೋರ್ಟಿನಲ್ಲಿ ಮೂರು ಹೆಸರು. ನಮ್ಮ ಪ್ರವೇಶ ಪತ್ರದಲ್ಲಿ ಎರಡು. ಬ್ಯಾಂಕಿನವರು ಕೊನೆಯದನ್ನು ಸರ್‌ನೇಮ್ ಮಾಡಿದ್ದರು, ನಾವು ನಡುವಿನದನ್ನು ಮಾಡಿದ್ದೆವು. ನಿನ್ನ ಸರ್‌ನೇಮ್ ಯಾವುದು ಮಾರಾಯ, ಒಂದು ಹೇಳು, ಅದನ್ನೇ ಎಲ್ಲ ಕಡೆ ಹಾಕೋಣ ಅಂದೆ. ‘ಇಲ್ಲ ಮೇಡಂ’ ಅಂದ. ಏನಿಲ್ಲ? ‘ಸರ್‌ನೇಮ್ ಇಲ್ಲ.’

ಅವನು ಒಂದು ಹಾಳೆಯ ಮೇಲೆ ಬರೆದು ತೋರಿಸಿದ. ಮೊದಲನೆಯದು ತನ್ನ ಹೆಸರು. ಎರಡನೆಯದು ಅಪ್ಪನ ಹೆಸರು. ಮೂರನೆಯದು ಅಜ್ಜನದು. ಮನೆತನದ ಹೆಸರು ಅಂತ ಅವರಲ್ಲಿ ಇಲ್ಲವೇ ಇಲ್ಲ. ಮದುವೆಯಾದರೂ ಹೆಂಗಸರ ಹೆಸರು ಬದಲಾಗುವುದಿಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಓಡಿ ಗೆದ್ದ ಅಬೆಬೆ ಬಿಕಿಲಾ ಇದ್ದಾರಲ್ಲ, ಲೋಕವೆಲ್ಲ ಅವರನ್ನು ಬಿಕಿಲಾ ಬಿಕಿಲಾ ಅನ್ನುತ್ತದೆ. ಬಿಕಿಲಾ ಅವರ ಅಪ್ಪನ ಹೆಸರು. ‘ಓಡಿದ್ದು ಅಬೆಬೆ, ಹೆಸರು ಬಂದಿದ್ದು ಅಪ್ಪನಿಗೆ’ ಅಂತ ನಕ್ಕ.

ನನಗೆ ನಗು ಬರಲಿಲ್ಲ. ಯಾಕೆಂದರೆ ನಮ್ಮ ಕಥೆಯೂ ಅದೇ. ಕುಪ್ಪಳಿ ಊರು, ವೆಂಕಟಪ್ಪ ಅಪ್ಪ, ಪುಟ್ಟಪ್ಪ ಸ್ವಂತ ಹೆಸರು. ಕುವೆಂಪು ಅಂತ ಮೂರನ್ನೂ ಕೂಡಿಸಿ ಹೇಳಿದರೆ ಇಡೀ ವಿಳಾಸವೇ ಬಂತು. ಇದರಲ್ಲಿ ಸರ್‌ನೇಮ್ ಯಾವುದು? ಮಲೆನಾಡಿನ ಹಳ್ಳಿಯಿಂದ ಬರುವ ಅರ್ಧಕ್ಕರ್ಧ ಮಕ್ಕಳದ್ದು ಇದೇ ಪಾಡು. ಹೆಸರಿನ ಹಿಂದೋ ಮುಂದೋ ಎರಡು ಇನಿಷಿಯಲ್. ಅದು ಬಿಡಿಸಿದರೆ ಏನು ಅಂತ ಕೇಳಿದರೆ ಕೆಲವರು ಮನೆಗೆ ಫೋನ್ ಮಾಡಿ ಕೇಳುತ್ತಾರೆ.

ಒಂದು ದಿನ ಸುಮ್ನೆ ಎಂಎಸ್ಸಿ ಕ್ಲಾಸಿಗೆ ಹೋಗಿ, ಪಾಸ್‌ಪೋರ್ಟ್ ಇರುವವರು ಕೈ ಎತ್ತಿ ಅಂದೆ. ನಲವತ್ತು ಜನರಲ್ಲಿ ಮೂರು ಕೈ. ಅದರಲ್ಲಿ ಒಬ್ಬನದು ಅವಧಿ ಮುಗಿದಿತ್ತು. ಸ್ಕಾಲರ್‌ಶಿಪ್ಪಿನ ಬಗ್ಗೆ ಎಷ್ಟು ಉಪನ್ಯಾಸ ಇಟ್ಟರೇನು, ಅರ್ಜಿಯ ಮೊದಲ ಕಲಮು ಪಾಸ್‌ಪೋರ್ಟ್ ಸಂಖ್ಯೆ ಕೇಳುತ್ತದೆ. ಅಲ್ಲಿಗೇ ನಿಲ್ಲುತ್ತದೆ.

ಉದ್ಘಾಟನೆ ಉದ್ಘಾಟನೆಯ ಹಾಗೇ ಆಯಿತು. ನಾಡಗೀತೆ, ದೀಪ, ಹಾರದ ಬದಲು ಗಿಡ. ನಾಲ್ಕು ಭಾಷಣದಲ್ಲೂ ವಿಶ್ವಮಾನವ ಬಂದ. ಬಾವುಟಗಳು ಫ್ಯಾನಿನ ಗಾಳಿಗೆ ಮಗುಚಿಬಿದ್ದು, ಜವಾನರು ಎರಡು ಸಲ ನಿಲ್ಲಿಸಿದರು.

ಎರಡನೇ ದಿನದ ಉಪನ್ಯಾಸ ಚೆನ್ನಾಗಿತ್ತು. ಬಂದಿದ್ದವರು ಜರ್ಮನಿಯಲ್ಲಿ ಓದಿ ಬಂದ ನಮ್ಮ ಹಳೆಯ ವಿದ್ಯಾರ್ಥಿನಿ. ಸುತ್ತಿ ಬಳಸಿ ಹೇಳಲಿಲ್ಲ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ ಅಂದ ಕೂಡಲೇ ಹಿಂದಿನ ಬೆಂಚಿನವರೂ ನೆಟ್ಟಗೆ ಕೂತರು. ಆಮೇಲೆ ಅವರು ಬೋರ್ಡಿನ ಮೇಲೆ 11,904 ಅಂತ ಬರೆದರು. ಇಷ್ಟು ಯೂರೋ ಮೊದಲೇ ಒಂದು ಖಾತೆಯಲ್ಲಿ ಇಟ್ಟು ತೋರಿಸಬೇಕು, ಆ ಖಾತೆಯಿಂದ ತಿಂಗಳಿಗೆ 992 ಮಾತ್ರ ಹೊರಗೆ ಬರುತ್ತದೆ. ರೂಪಾಯಿಗೆ ತಿರುಗಿಸಿದರೆ ಹತ್ತು ಲಕ್ಷ ದಾಟುತ್ತದೆ. ಅದಕ್ಕೆ ಮುಂಚೆ ನಮ್ಮ ಓದಿನ ಕಾಗದಗಳೆಲ್ಲ ಸರಿಯಿವೆ ಅಂತ ಹೇಳುವ ಎಪಿಎಸ್ ಅನ್ನುವ ಪ್ರಮಾಣಪತ್ರ ಬೇಕು. 2022ರ ನವೆಂಬರ್‌ನಿಂದ ಭಾರತದವರಿಗೆ ಅದು ಕಡ್ಡಾಯ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆದರೆ ಅಂಕ ಎರಡೇ ವರ್ಷ ನಡೆಯುತ್ತದೆ, ಆದ್ದರಿಂದ ಸುಮ್ನೆ ಉತ್ಸಾಹಕ್ಕೆ ಈಗಲೇ ಬರೆದು ಕೂರಬೇಡಿ ಅಂದರು. ಇದನ್ನು ಯಾವ ಕನ್ಸಲ್ಟೆನ್ಸಿಯವರೂ ಹೇಳಿದ್ದು ನಾನು ಕೇಳಿಲ್ಲ.

ಕೊನೆಗೆ ಪ್ರಶ್ನೆ ಕೇಳಿದ್ದು ಒಬ್ಬ ಹುಡುಗನ ಅಪ್ಪ. ಮಗನನ್ನು ಅಡಿಕೆ ಸುಲಿಯಲು ಕರೆದುಕೊಂಡು ಹೋಗಲು ಬಂದವರು, ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ‘ಆ ದುಡ್ಡು ವಾಪಸ್ ಬರ್ತದಾ ಮೇಡಂ?’ ಅಂದರು. ತಿಂಗಳು ತಿಂಗಳು ಅವನ ಊಟಕ್ಕೇ ಬರ್ತದೆ ಅಂದರು ಉಪನ್ಯಾಸ ಕೊಟ್ಟವರು. ‘ಹಂಗಾರೆ ಅದು ಖರ್ಚು. ಬರ್ತದೆ ಅನ್ನಬಾರದು’ ಅಂದರು ಅಪ್ಪ. ಇಡೀ ಹಾಲ್ ನಕ್ಕಿತು, ಆದರೆ ಮಾತು ಸರಿಯಿತ್ತು. ಆಮೇಲೆ ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ವಿಷಯ ಬಂತು. ಪರಿಶಿಷ್ಟ ಜಾತಿಯ ಮಕ್ಕಳಿಗೆ, ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿರಬೇಕು, ವಯಸ್ಸು 35ರ ಒಳಗೆ. ಮೂರು ಹುಡುಗಿಯರು ಬರೆದುಕೊಂಡರು.

ಮೇಜಿನ ಹತ್ತಿರ ಮೊದಲ ದಿನ ಯಾರೂ ಬರಲಿಲ್ಲ. ಎರಡನೇ ದಿನ ಇಬ್ಬರು, ಅದೂ ಸ್ಕ್ಯಾನರ್ ಫ್ರೀ ಅಂತ. ಮೂರನೇ ದಿನ ಸಾಲು ಕಾರಿಡಾರಿನ ತಿರುವಿನವರೆಗೆ ಇತ್ತು. ಯಾರೋ ಹುಡುಗರ ಗ್ರೂಪಿನಲ್ಲಿ, ‘ಮೇಡಂ ಸಿಟ್ಟು ಮಾಡಲ್ಲ’ ಅಂತ ಹಾಕಿದ್ದರಂತೆ.

ಪಾಸ್‌ಪೋರ್ಟಿಗೆ ಈಗ ಬೆಂಗಳೂರಿಗೆ ಓಡಬೇಕಾಗಿಲ್ಲ. ಶಿವಮೊಗ್ಗದ ಅಂಚೆ ಕಚೇರಿಯಲ್ಲೇ ಕೇಂದ್ರ ಇದೆ. ಆನ್‌ಲೈನಿನಲ್ಲಿ ಅರ್ಜಿ, 36 ಪುಟದ ಪುಸ್ತಕಕ್ಕೆ 1,500 ರೂಪಾಯಿ, ದಿನ ಗೊತ್ತು ಮಾಡಿಕೊಂಡು ಹೋದರೆ ಫೋಟೋ, ಬೆರಳಚ್ಚು ಎಲ್ಲ ಅಲ್ಲೇ. ಆಮೇಲೆ ಪೊಲೀಸ್ ಪರಿಶೀಲನೆ. ಕೇಳಲು ಸುಲಭ. ನಿಲ್ಲುವುದು ಹೆಸರಿನ ಹತ್ತಿರವೇ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಜಾಗ ಖಾಲಿ ಬಿಡಬಹುದು, ನಮ್ಮವರು ತಕರಾರು ಮಾಡುವುದಿಲ್ಲ. ತಕರಾರು ಶುರುವಾಗುವುದು ಆಚೆ ಹೋದಾಗ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಅಂದಿತು. ಆಮೇಲೆ ಅಪ್ಪನ ಹೆಸರು ಪಾಸ್‌ಪೋರ್ಟಿನಲ್ಲಿದ್ದರೆ ಆಗಬಹುದು ಅಂತ ಸಡಿಲ ಮಾಡಿದರು. ಅಮೆರಿಕದ್ದು ಇನ್ನೂ ಮಜಾ. ಒಂದೇ ಹೆಸರಿದ್ದರೆ ಅದನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕುತ್ತಾರೆ. ಮೊದಲ ಹೆಸರು ತಿಳಿದಿಲ್ಲ ಅಂತ ಅದರ ಅರ್ಥ. ನಮ್ಮ ಮಂಜುನಾಥ ಅಲ್ಲಿಗೆ ಹೋದರೆ ‘ಗೊತ್ತಿಲ್ಲ ಮಂಜುನಾಥ’ ಆಗುತ್ತಾನೆ. ಆ ಮಧ್ಯಾಹ್ನವಿಡೀ ಸಾಲಿನಲ್ಲಿದ್ದ ಹುಡುಗರು ಒಬ್ಬರನ್ನೊಬ್ಬರು ಹಾಗೇ ಕರೆದುಕೊಂಡರು. ಗೊತ್ತಿಲ್ಲ ಪ್ರವೀಣ, ಗೊತ್ತಿಲ್ಲ ಗಣೇಶ.

ಇಥಿಯೋಪಿಯಾದ ಹುಡುಗ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಅವನನ್ನು ಯಾರೂ ಕರೆದಿರಲಿಲ್ಲ. ಅಪ್ಪನ ಹೆಸರು ಸರ್‌ನೇಮ್ ಮಾಡಿದರೆ ಮುಂದೆ ಏನೇನು ಫಜೀತಿ ಅಂತ ಅನುಭವಸ್ಥ ಅವನೊಬ್ಬನೇ. ಮುರುಕು ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಹೇಳುತ್ತಿದ್ದ: ‘ಒಂದು ಹೆಸರು ತಗೋ. ಎಲ್ಲ ಕಾಗದದಲ್ಲಿ ಅದೇ. ಸ್ಪೆಲ್ಲಿಂಗ್ ಅದೇ. ಚೇಂಜ್ ಬೇಡ.’ ಈ ವಾರ ಆದ ಉಪನ್ಯಾಸಗಳಲ್ಲಿ ಉಪಯೋಗಕ್ಕೆ ಬಂದದ್ದು ಇದೇ ಅಂತ ನನ್ನ ಅಭಿಪ್ರಾಯ. ವರದಿಯಲ್ಲಿ ಹಾಕಲು ಅವಕಾಶ ಇರಲಿಲ್ಲ.

ಸಾಯಂಕಾಲ ಕಂಪ್ಯೂಟರ್ ಆರಿಸುವ ಹೊತ್ತಿಗೆ ಒಬ್ಬಳು ಹುಡುಗಿ ಬಂದಳು. ಸಸ್ಯಶಾಸ್ತ್ರ, ಎರಡನೇ ವರ್ಷ. ಶಿವಮೊಗ್ಗ ತಾಲ್ಲೂಕಿನ ಒಂದು ಹಳ್ಳಿ. ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವಳ ಹೆಸರಿಗೆ ಎರಡು ಇನಿಷಿಯಲ್. ಎರಡನೆಯದು ಅಪ್ಪನದು. ಮೊದಲನೆಯದು? ‘ಊರು ಮೇಡಂ.’ ನಿಮ್ಮ ಊರಿನ ಹೆಸರು ಈ ಅಕ್ಷರದಿಂದ ಶುರುವಾಗುವುದಿಲ್ಲವಲ್ಲ ಅಂದೆ. ‘ಇದು ಈಗಿನ ಊರಲ್ಲ. ಹಳೇ ಊರು. ಅಜ್ಜಂದು.’

ಅಲ್ಲಿಗೆ ನನಗೆ ಗೊತ್ತಾಯಿತು. ಶಿವಮೊಗ್ಗದವರಿಗೆ ಹಳೇ ಊರು ಅಂದರೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಶರಾವತಿಗೆ ಲಿಂಗನಮಕ್ಕಿ ಕಟ್ಟಿದರು, 1964ರಲ್ಲಿ ಮುಗಿಯಿತು. ಮನೆ, ತೋಟ, ದೇವಸ್ಥಾನ ಎಲ್ಲ ನೀರಿಗೆ ಹೋಯಿತು. ಅದಕ್ಕೂ ಮುಂಚೆ ಹಿರೇಭಾಸ್ಕರದಲ್ಲಿ, ಮಡೆನೂರಿನ ಹತ್ತಿರ, ಇನ್ನೊಂದು ಅಣೆಕಟ್ಟು ಇತ್ತು. ಅದೂ ಹೊಸ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಅದು ಈಗಲೂ ತಲೆ ಎತ್ತುತ್ತದೆ, ಜನ ನೋಡಲು ಹೋಗುತ್ತಾರೆ. ಅಲ್ಲಿಂದ ಎಬ್ಬಿಸಿದವರನ್ನು ಲಾರಿಯಲ್ಲಿ ತಂದು ಶಿವಮೊಗ್ಗದ ಕಡೆ ಕಾಡಿನಲ್ಲಿ ಇಳಿಸಿದರು. ಕೊಟ್ಟ ಜಾಗದ ಹಕ್ಕುಪತ್ರಕ್ಕೆ ಎಷ್ಟೋ ಕುಟುಂಬಗಳು ಇವತ್ತಿಗೂ ಅಲೆಯುತ್ತಿವೆ. ಈ ಹುಡುಗಿಯ ಅಜ್ಜ ಆಗ ಹದಿನಾಲ್ಕು ವರ್ಷದವರು.

ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ಅವಳು ಬೇಡ ಅಂದಿದ್ದಾಳೆ. ಅದರಲ್ಲಿ ಒಂದು ‘ಳ’ ಇದೆ, ಒಂದು ದೀರ್ಘ ಇದೆ. ತೊಂದರೆ ಎಲ್ಲ ಅಲ್ಲೇ. ಆಧಾರ್ ಮಾಡಿಸುವಾಗ ಅಜ್ಜನೇ ಜೊತೆಗೆ ಹೋಗಿ, ಇನಿಷಿಯಲ್ ಬೇಡ ಪೂರ್ತಿ ಬರೀರಿ ಅಂತ ಹೇಳಿದ್ದರಂತೆ. ಅಲ್ಲಿದ್ದವನು ಕಿವಿಗೆ ಬಿದ್ದ ಹಾಗೆ ಬರೆದಿದ್ದ. ಪ್ರೈಮರಿ ಶಾಲೆಯ ಟಿಸಿಯಲ್ಲಿ ಇನ್ನೊಂದು ಥರ. ಪಿಯುಸಿಯಲ್ಲಿ ಬರೀ ಇನಿಷಿಯಲ್. ಇಂಗ್ಲಿಷಿನಲ್ಲಿ ಒಂದು ಎ ಹಾಕಬೇಕಾ, ಎರಡಾ? ಸಾಮಾನ್ಯವಾಗಿ ಇಂಥದ್ದಕ್ಕೆ ನಾನು ಹೇಳುವುದು, ಊರಿನ ಬಸ್ ಸ್ಟಾಪಿನ ಬೋರ್ಡ್ ಫೋಟೋ ತೆಗೆದುಕೊಂಡು ಬಾ, ಅದರಲ್ಲಿ ಹೇಗಿದೆಯೋ ಹಾಗೆ ಹಾಕೋಣ ಅಂತ. ಬಾಯಿಗೆ ಬಂದಿತ್ತು. ನುಂಗಿಕೊಂಡೆ.

‘ಬೇಡ ಅಂದ್ರೆ ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಬಹುದು, ಸುಲಭ’ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಅಜ್ಜನ ಕೇಳಿ ನಾಳೆ ಹೇಳ್ತೀನಿ ಮೇಡಂ’ ಅಂದಳು.

ಮರುದಿನ ಆಹಾರ ಮೇಳ. ಅದರ ತಯಾರಿ ಎರಡು ದಿನದಿಂದ ನಡೆದಿತ್ತು. ಇಥಿಯೋಪಿಯಾದ ಹುಡುಗನಿಗೆ ಇಂಜೆರಾ ಮಾಡಬೇಕಿತ್ತು. ಅದು ದೋಸೆಯ ದೊಡ್ಡಣ್ಣ ಇದ್ದ ಹಾಗೆ, ಟೆಫ್ ಅನ್ನುವ ಸಣ್ಣ ಧಾನ್ಯದ ಹಿಟ್ಟು ಹುಳಿ ಬರಿಸಿ ಹುಯ್ಯುವುದು. ಟೆಫ್ ಶಿವಮೊಗ್ಗದಲ್ಲಿ ಎಲ್ಲಿ ಸಿಗಬೇಕು? ಮೆಸ್ಸಿನ ಅಕ್ಕ ರಾಗಿ ಹಿಟ್ಟಿನ ಡಬ್ಬಿ ತೆಗೆದು ತೋರಿಸಿದಳು. ಅವನು ಮೂಸಿ ನೋಡಿದ, ಚಿಟಿಕೆ ಬಾಯಿಗೆ ಹಾಕಿಕೊಂಡ. ‘ಡಗುಸಾ!’ ಅಂದ. ಅವರ ಊರಿನಲ್ಲೂ ರಾಗಿ ಇದೆಯಂತೆ, ಟೆಫ್ ಜೊತೆಗೆ ಬೆರೆಸಿ ಇಂಜೆರಾಕ್ಕೇ ಹಾಕುತ್ತಾರಂತೆ. ಆಮೇಲೆ ಸಸ್ಯಶಾಸ್ತ್ರದ ಸರ್ ಹೇಳಿದರು, ಅವರ ಊರಿನಲ್ಲೂ ಇದೆ ಅನ್ನಬೇಡಿ, ಅಲ್ಲಿಂದಲೇ ನಮಗೆ ಬಂದಿದ್ದು ಅಂತ. ರಾಗಿಯನ್ನು ಮೊದಲು ಬೆಳೆಸಿದ್ದು ಪೂರ್ವ ಆಫ್ರಿಕದ ಎತ್ತರದ ಸೀಮೆಯಲ್ಲಿ. ಸಾವಿರಾರು ವರ್ಷದ ಹಿಂದೆ ಸಮುದ್ರ ದಾಟಿ ಬಂದು ನಮ್ಮ ಮುದ್ದೆಯಾಯಿತು. ಅದಕ್ಕೆ ಯಾರೂ ವೀಸಾ ಕೇಳಲಿಲ್ಲ, ನೋಡಿ.

ಹಿಟ್ಟು ಹುಳಿ ಬರಲೇ ಇಲ್ಲ. ನವೆಂಬರಿನ ಚಳಿ. ಅಕ್ಕ ಪಾತ್ರೆಗೆ ಗೋಣಿ ಸುತ್ತಿ ಬಚ್ಚಲ ಒಲೆಯ ಹತ್ತಿರ ಇಟ್ಟಳು. ರಾತ್ರಿ ಒಂದು ಸಲ ಎದ್ದು ಕೊಳ್ಳಿ ಮುಂದೆ ದೂಡಿದಳಂತೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಉಕ್ಕಿ ನಿಂತಿತ್ತು. ದೋಸೆ ಕಾವಲಿಯ ಮೇಲೆ ಹುಡುಗ ಅಂಚಿನಿಂದ ಒಳಕ್ಕೆ ಸುತ್ತುತ್ತಾ ಹುಯ್ದ. ನಾವು ನಡುವಿನಿಂದ ಹೊರಕ್ಕೆ ತಿರುವುತ್ತೇವೆ, ಅವನದು ಉಲ್ಟಾ. ತಿರುವಿ ಹಾಕುವುದೂ ಇಲ್ಲ, ಮುಚ್ಚಿಟ್ಟು ಬೇಯಿಸುವುದು. ಮುಚ್ಚಳ ಎತ್ತಿದಾಗ ಮೇಲೆಲ್ಲ ಸಣ್ಣ ಸಣ್ಣ ತೂತು. ಅದನ್ನು ಅವರು ಕಣ್ಣು ಅನ್ನುತ್ತಾರಂತೆ. ಕಣ್ಣು ಜಾಸ್ತಿ ಬಂದಷ್ಟೂ ಒಳ್ಳೆಯ ಇಂಜೆರಾ. ಅಕ್ಕ ಬಗ್ಗಿ ನೋಡಿ, ‘ನಮ್ಮ ರವಾದೋಸೆಗೂ ಇಷ್ಟು ಬರಲ್ಲ’ ಅಂದಳು. ಅದು ಅವಳ ಬಾಯಲ್ಲಿ ದೊಡ್ಡ ಹೊಗಳಿಕೆ.

ಆಮೇಲೆ ಕಾಫಿ. ಅವನು ಊರಿನಿಂದ ಬರುವಾಗ ಜೆಬೆನಾ ಅನ್ನುವ ಮಣ್ಣಿನ ಹೂಜಿಯನ್ನು ಸ್ವೆಟರಿನಲ್ಲಿ ಸುತ್ತಿ ತಂದಿದ್ದನಂತೆ, ಮೂರು ವರ್ಷದಿಂದ ಹಾಗೇ ಕಪಾಟಿನಲ್ಲಿತ್ತು. ಹುರಿಯದ ಬೀಜ ಕೊಪ್ಪದ ಒಬ್ಬಳು ಹುಡುಗಿ ಮನೆಯಿಂದ ತಂದಳು. ಸಭಾಂಗಣದ ಮೂಲೆಯಲ್ಲಿ ನೆಲಕ್ಕೆ ಹಸಿ ಹುಲ್ಲು ಹರಡಿದ. ಧೂಪ ಬೇಕು ಅಂದ, ನಮ್ಮ ಜವಾನರು ಸಾಂಬ್ರಾಣಿ ಕೊಟ್ಟರು. ಬೀಜ ಹುರಿದು, ಹೊಗೆಯಾಡುವ ಬಾಣಲೆಯನ್ನು ಎತ್ತಿಕೊಂಡು ಪ್ರತಿಯೊಬ್ಬರ ಮುಂದೆಯೂ ಹಿಡಿದ. ಕೈಯಿಂದ ಹೊಗೆ ಮುಖದ ಕಡೆ ಎಳೆದುಕೊಳ್ಳಬೇಕು. ಮಂಗಳಾರತಿ ತೆಗೆದುಕೊಂಡು ಅಭ್ಯಾಸವಾದ ನಮ್ಮವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಒಬ್ಬರು ಮೇಡಂ ಕಣ್ಣಿಗೊತ್ತಿಕೊಂಡೇ ಬಿಟ್ಟರು.

ಕುಟ್ಟಾಣಿಯಲ್ಲಿ ಕುಟ್ಟಿ, ಜೆಬೆನಾದಲ್ಲಿ ಕುದಿಸಿ, ಸಣ್ಣ ಲೋಟಗಳಿಗೆ ಎತ್ತರದಿಂದ ಸುರಿದ. ಹಾಲಿಲ್ಲ, ಚಿಕೋರಿ ಇಲ್ಲ. ಅದೇ ಬೀಜಕ್ಕೆ ಮೂರು ಸಲ ನೀರು ಹಾಕಿ ಕುದಿಸುತ್ತಾರೆ. ಮೊದಲನೆಯದು ಅಬೊಲ್, ಎರಡನೆಯದು ತೊನಾ, ಮೂರನೆಯದು ಬರಕಾ. ಮೂರೂ ಕುಡಿಯದೆ ಏಳಬಾರದು. ‘ಇದು ಹೆಂಗಸರು ಮಾಡೋದು. ಅಮ್ಮ ನೋಡಿದ್ರೆ ನಗ್ತಾಳೆ’ ಅಂದ. ಮಧ್ಯೆ ಯೆಮನ್‌ನವನು ತಕರಾರು ತೆಗೆದ, ಕಾಫಿಯನ್ನು ಲೋಕಕ್ಕೆ ಕುಡಿಸಿದ್ದು ನಮ್ಮ ಮೋಕಾ ಬಂದರು ಅಂತ. ಗಿಡ ನಮ್ಮ ಕಾಡಿಂದು ಅಂದ ಇವನು. ಕೊಪ್ಪದ ಹುಡುಗಿ ಸುಮ್ಮನಿರುತ್ತಾಳಾ? ಬಾಬಾಬುಡನ್ ಯೆಮನ್‌ನಿಂದ ಏಳು ಬೀಜ ಬಚ್ಚಿಟ್ಟುಕೊಂಡು ತಂದು ನಮ್ಮ ಬೆಟ್ಟದಲ್ಲಿ ಬಿತ್ತಿದ್ದು, ಆದ್ದರಿಂದ ನೀವಿಬ್ಬರೂ ಕುಡೀತಿರೋದು ನಮ್ಮ ತೋಟದ್ದು ಅಂದಳು. ಬೀಜ ತಂದವಳು ಅವಳೇ ಆದ್ದರಿಂದ ಯಾರೂ ಎದುರು ಮಾತಾಡಲಿಲ್ಲ.

ತಾಂಜಾನಿಯಾದ ಹುಡುಗಿ ಚಪಾತಿ ಮಾಡಿದ್ದಳು. ಜನ, ಇದು ನಮ್ಮದೇ ಅಲ್ವಾ ಅಂದರು. ಅವರ ಸ್ವಾಹಿಲಿಯಲ್ಲೂ ಅದು ಚಪಾತಿಯೇ. ವಕೀಲರಿಗೆ ವಕಿಲಿ, ವಿಮೆಗೆ ಬಿಮಾ, ಕಾರಿಗೆ ಗಾರಿ. ಅರಬ್ಬರ, ಗುಜರಾತಿಗಳ ಹಡಗಿನ ವ್ಯಾಪಾರದಲ್ಲಿ ಪದಗಳೂ ಓಡಾಡಿವೆ. ಕಾರಣಕ್ಕೆ ‘ಸಬಾಬು’ ಅನ್ನುತ್ತಾರೆ ಅಂದಾಗ ನಮ್ಮ ಶಾಖೆಯವರೆಲ್ಲ ನನ್ನ ಮುಖ ನೋಡಿದರು. ಕಚೇರಿಯಲ್ಲಿ ಸಬೂಬು ಅಂದರೆ ಯಾರಿಗೆ ಗೊತ್ತಿಲ್ಲ?

ಬರಕಾ ಕುಡಿಯುವ ಹೊತ್ತಿಗೆ ಸಸ್ಯಶಾಸ್ತ್ರದ ಹುಡುಗಿ ಬಂದಳು. ಜೊತೆಗೆ ಅಜ್ಜ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಕೈಯಲ್ಲಿ ಒಂದು ಹಳೆಯ ಕಾಗದ, ಮಡಿಕೆಯಲ್ಲೆಲ್ಲ ಹರಿದು ಟೇಪು ಹಚ್ಚಿದ್ದು. ಮುಳುಗಡೆಯ ಪರಿಹಾರದ ಕಾಗದ. ಅದರಲ್ಲಿ ಕೈಬರಹದ ಕನ್ನಡದಲ್ಲಿ ಊರಿನ ಹೆಸರು ಸ್ಪಷ್ಟವಾಗಿತ್ತು. ‘ಇಂಗ್ಲಿಷ್ ನಂಗೊತ್ತಿಲ್ಲ. ಓದಿದ್ರೆ ಹಿಂಗೇ ಕೇಳಬೇಕು ನೋಡ್ರಿ’ ಅಂತ ಊರಿನ ಹೆಸರನ್ನು ಎರಡು ಸಲ ಹೇಳಿದರು. ಎರಡನೇ ಸಲ ನಿಧಾನಕ್ಕೆ. ಇಥಿಯೋಪಿಯಾದ ಹುಡುಗ ಕಾಫಿ ಲೋಟ ತಂದು ಅವರ ಕೈಗಿಟ್ಟ. ಅವರು ಒಂದು ಗುಟುಕು ಕುಡಿದು, ‘ಬೆಲ್ಲ ಹಾಕ್ಬೇಕಿತ್ತು’ ಅಂದರು.

ಆಧಾರ್‌ನಲ್ಲಿದ್ದ ಸ್ಪೆಲ್ಲಿಂಗನ್ನೇ ಇಟ್ಟುಕೊಂಡೆವು. ಒಂದೇ ಎ. ಓದಿದರೆ ಅಜ್ಜ ಹೇಳಿದ ಹಾಗೆ ಕೇಳುವುದಿಲ್ಲ, ಆದರೆ ಆಧಾರ್‌ಗೆ ಕೈ ಹಾಕಿದರೆ ಇನ್ನೆರಡು ತಿಂಗಳು ಬೇಕು. ಅಜ್ಜನಿಗೆ ವಿಷಯ ಹೇಳಿದೆ. ಸ್ವಲ್ಪ ಯೋಚಿಸಿ, ‘ಇರ್ಲಿ ಬಿಡಿ’ ಅಂದರು. ಮೂರು ಥರದ ಹೆಸರಿನವಳೂ ಒಬ್ಬಳೇ ಅಂತ ನೋಟರಿಯಿಂದ ಒಂದು ಅಫಿಡವಿಟ್ ಮಾಡಿಸಿದೆವು. ಡಿಸೆಂಬರ್ ಎರಡನೇ ವಾರ ಅಂಚೆ ಕಚೇರಿಯಲ್ಲಿ ಅವಳ ಸರದಿ. ಪೊಲೀಸ್ ಪರಿಶೀಲನೆಗೆ ಬಂದವರು ಅಜ್ಜನನ್ನು, ಈ ಊರು ಯಾವ ಠಾಣೆಗೆ ಬರುತ್ತದೆ ಅಂತ ಕೇಳಿದರಂತೆ. ಈಗ ಯಾವುದಕ್ಕೂ ಬರಲ್ಲ ಅಂದರಂತೆ ಅಜ್ಜ.

ವರದಿ ಮೂರು ಪ್ರತಿ ಕಳಿಸಿದೆ. ಫೋಟೋದಲ್ಲಿ ಬಾವುಟ, ದೀಪ, ಚಪಾತಿ ಇವೆ. ‘ಫಲಾನುಭವಿಗಳ ಸಂಖ್ಯೆ’ ಅನ್ನುವ ಕಲಮಿನಲ್ಲಿ 31 ಅಂತ ಬರೆದೆ, ಮೇಜಿಗೆ ಬಂದು ಅರ್ಜಿ ಪೂರ್ತಿ ಮಾಡಿಸಿಕೊಂಡವರು ಅಷ್ಟೇ. ಇಷ್ಟು ಕಡಿಮೆಯಾದರೆ ಹೇಗೆ ಮೇಡಂ, ಉದ್ಘಾಟನೆಗೆ ಬಂದವರನ್ನೂ ಸೇರಿಸಿ ಅಂತ ವಾಪಸ್ ಬಂತು. ಸೇರಿಸಿದೆ. 431 ಆಯಿತು.

ಜನವರಿಯಲ್ಲಿ ಹುಡುಗಿ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದಳು. ಪಾಸ್‌ಪೋರ್ಟಿನ ವಿವರದ ಪುಟ. ಸರ್‌ನೇಮ್ ಅಂತ ಇದ್ದ ಕಡೆ ಆ ಊರು, ದಪ್ಪ ಅಕ್ಷರದಲ್ಲಿ. ಮುಂದೆ ಎಲ್ಲಿಗೆ ಅರ್ಜಿ ಹಾಕುತ್ತೀಯ ಅಂತ ಕೇಳಿದೆ. ‘ಇನ್ನೂ ಯೋಚ್ನೆ ಮಾಡಿಲ್ಲ ಮೇಡಂ. ಸದ್ಯ ಅಜ್ಜನ ಹತ್ರ ಇದೆ’ ಅಂತ ಬಂತು. ಟ್ರಂಕಿನಲ್ಲಿ ಪರಿಹಾರದ ಕಾಗದದ ಜೊತೆ ಇಟ್ಟುಕೊಂಡಿದ್ದಾರಂತೆ. ನೋಡಬೇಕು ಅಂದರೆ ಕೈ ತೊಳೆದುಕೊಂಡು ಬಾ ಅನ್ನುತ್ತಾರಂತೆ, ಅಡಿಕೆ ಚೊಗರು ಹತ್ತುತ್ತದೆ ಅಂತ.